ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹಾಕಿಸಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದ್ದು ಆರುತ್ತಲೇ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0171, ಒಮ್ಮೊಮ್ಮೆ ಪಿ0303 ಕೂಡ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗುತ್ತದೆ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

—

ಈಗಲೇ ಹಾಕಿಸಬೇಡಿ ಸರ್. ಪಿ0171 ಅಂದರೆ ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ, ಎಂಜಿನ್ ಲೀನ್ ಓಡುತ್ತಿದೆ ಅಂತ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆದು ಅದನ್ನು ಕಂಡುಹಿಡಿದು ಹೇಳಿದ್ದೇ ಆ ಸೆನ್ಸರ್. ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದ ಹಾಗಾಗುತ್ತದೆ. ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ, ಆದರೆ ಅದನ್ನು ಕೊನೆಗೆ ನೋಡಿ.

ಒಂದು ಬ್ಲೂಟೂತ್ ಇಎಲ್‌ಎಂ327 ಡಾಂಗಲ್ (ಕಾರಿನ ಕಂಪ್ಯೂಟರಿನಲ್ಲಿರುವುದನ್ನು ಓದಿ ಮೊಬೈಲಿಗೆ ಕಳಿಸುವ ಪುಟ್ಟ ಸಾಧನ) ತಗೊಳ್ಳಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿ ಮೊಬೈಲಿನಲ್ಲಿ ಲೈವ್ ಡೇಟಾ ತೆಗೆಯಿರಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಎರಡನ್ನೂ ಕೂಡಿಸಿ ನೋಡಿ. ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ 20 ದಾಟಿ, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಗಾಳಿ ಲೀಕ್ ಇದೆ. ಉಲ್ಟಾ, ಆರ್‌ಪಿಎಂ ಏರಿದಂತೆ, ಲೋಡ್ ಬಿದ್ದಂತೆ ಟ್ರಿಮ್ ಕೂಡ ಏರಿದರೆ ಫ್ಯೂಯೆಲ್ ಫಿಲ್ಟರ್, ಪಂಪಿನ ಪ್ರೆಶರ್, ಒಳಗೆ ಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮೇಲಿನ ಧೂಳು ಇವುಗಳ ಕಡೆ ಹೋಗಿ.

ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್‌ವರೆಗೆ ಹೋಗುವ ಮಡಿಕೆ ಮಡಿಕೆ ರಬ್ಬರ್ ಪೈಪ್ ಇದೆಯಲ್ಲ, ಅದನ್ನು ಬಿಚ್ಚಿ ಕೈಯಲ್ಲಿ ಬಗ್ಗಿಸಿ ನೋಡಿ. ಸುಮ್ನೆ ಮೇಲಿಂದ ಕಣ್ಣಾಡಿಸಿದರೆ ಏನೂ ಕಾಣುವುದಿಲ್ಲ. ಬಿರುಕು ಮಡಿಕೆಯ ಒಳಗೆ, ಅದೂ ಅಡಿಭಾಗದಲ್ಲಿ ಇರುತ್ತದೆ. ಎಂಜಿನ್ ಅಲುಗಿದಾಗ ಅದು ಬಾಯಿ ಬಿಡುತ್ತದೆ.

—

ಮೇಲೆ ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಇರುವುದೇ ಇಲ್ಲ, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪು) ಒಳಗಿನ ಪ್ರೆಶರ್ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ. ಅಂಥ ಗಾಡಿಯಲ್ಲಿ ಗಾಳಿ ಲೀಕ್ ಆದರೆ ಮ್ಯಾನಿಫೋಲ್ಡ್ ಪ್ರೆಶರ್ ಏರಿದ್ದನ್ನು ನೋಡಿ ಕಂಪ್ಯೂಟರ್ ತಾನೇ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಹಾಗಾಗಿ ಟ್ರಿಮ್ ಅಷ್ಟಾಗಿ ಏರದೆ ಐಡಲ್ ಮಾತ್ರ ಏರುಪೇರಾಗಬಹುದು. ನಿಮ್ಮದರಲ್ಲಿ ಯಾವುದಿದೆ ಅಂತ ಮೊದಲು ನೋಡಿಕೊಳ್ಳಿ.

—

ಪಿ0303 ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅಂದರೆ ಮಿಸ್‌ಫೈರ್. ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇರುವ ಎಂಜಿನ್ ಆದರೆ ಇದಕ್ಕೆ ಬಿಡಿಕಾಸೂ ಬೇಡ. ಮೂರರ ಕಾಯಿಲ್ ತೆಗೆದು ಎರಡಕ್ಕೆ ಹಾಕಿ, ಎರಡರದ್ದು ಮೂರಕ್ಕೆ. ಕೋಡ್ ಅಳಿಸಿ ಓಡಿಸಿ. ಪಿ0302 ಬಂತಾ, ಕಾಯಿಲ್ ಹೋಗಿದೆ. ಮತ್ತೆ 0303 ಬಂದರೆ ಪ್ಲಗ್ಗನ್ನೂ ಹಾಗೇ ಅದಲು ಬದಲು ಮಾಡಿ, ಆಮೇಲೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ), ಕಂಪ್ರೆಶನ್ ನೋಡಿ. ಎರಡು ಕೋಡ್‌ಗೂ ಕಾರಣ ಒಂದೇ ಇರಬಹುದು ಅನ್ನುವುದನ್ನೂ ಮರೆಯಬೇಡಿ. ಮೂರನೇ ಸಿಲಿಂಡರಿನ ಹತ್ತಿರ ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿಟ್ಟಿದ್ದರೂ ಹೀಗೇ ಆಗುತ್ತದೆ.

ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಗ್ಯಾರೇಜ್ ತನಕ ಹೋಗಬಹುದು. ಮಿಣುಕುತ್ತಿದ್ದರೆ ಮಾತ್ರ ದಯವಿಟ್ಟು ಗಾಡಿ ನಿಲ್ಲಿಸಿಬಿಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಹಾಳು ಮಾಡುತ್ತದೆ. ಆ ಖರ್ಚಿನ ಮುಂದೆ ಕಾಯಿಲ್‌ದು ಏನೇನೂ ಅಲ್ಲ.

—

ನಾನು ಸಾಗರದವನು. ನಮ್ಮ ಕಡೆ ಮಳೆಗಾಲ ಬಂತೆಂದರೆ ಬಾನೆಟ್ ಒಳಗೆ ಇಲಿ ಸೇರುತ್ತದೆ. ನಮ್ಮ ಗಾಡಿಗೂ ಇದೇ ಮಿಸ್‌ಫೈರ್ ಕೋಡ್ ಬಂದಿತ್ತು, ನೋಡಿದರೆ ಇಂಜೆಕ್ಟರ್ ವೈರ್ ಕಚ್ಚಿ ಹಾಕಿತ್ತು. ಒಂದು ಎಳೆ ಮಾತ್ರ ಉಳಿದಿತ್ತು, ಹಾಗಾಗಿ ಕೋಡ್ ಒಮ್ಮೆ ಬರುವುದು, ಒಮ್ಮೆ ಹೋಗುವುದು. ನಿಮ್ಮದೂ ಒಮ್ಮೊಮ್ಮೆ ಬರುತ್ತದೆ ಅಂದಿರಲ್ಲ, ಟಾರ್ಚ್ ಹಿಡಿದು ವೈರ್ ಮತ್ತು ಕಪ್ಲರ್ ನೋಡಿಬಿಡಿ.

ಇನ್ನೊಂದು, ಯಾರೇ ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಫೋಟೋ ತೆಗೆದಿಟ್ಟುಕೊಳ್ಳಿ. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಕೂಲಂಟ್ ಬಿಸಿ ಎಷ್ಟಿತ್ತು, ಟ್ರಿಮ್ ಎಷ್ಟಿತ್ತು ಎಲ್ಲ ಅದರಲ್ಲಿರುತ್ತದೆ, ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಆ ಫೋಟೋ ಇಲ್ಲಿ ಹಾಕಿ, ಎಲ್ಲರೂ ಸೇರಿ ನೋಡೋಣ.