ಕಪ್ಪಾಬಾಶಿಯಲ್ಲಿ ಚಾಕು, ಪಾತ್ರೆ ಕೊಳ್ಳೋದು: ಗೊತ್ತಿರೋರು ಹೇಳಿ

ಪ್ರಶ್ನೆ: ಮುಂದಿನ ತಿಂಗಳು ಟೋಕಿಯೋಗೆ ಹೊರಟಿದ್ದೀವಿ. ಅಲ್ಲಿ ಅಡುಗೆ ಸಾಮಾನಿನ ಅಂಗಡಿಗಳೇ ತುಂಬಿರೋ ಕಪ್ಪಾಬಾಶಿ ಬೀದೀಲಿ ಒಂದು ಒಳ್ಳೇ ಚಾಕು, ಸಾಧ್ಯವಾದ್ರೆ ಮಣ್ಣಿನ ಪಾತ್ರೆ ಅಥವಾ ಕಬ್ಬಿಣದ ಕೆಟಲ್ ತರಬೇಕು ಅಂತ ಆಸೆ. ನಮ್ಮದು ಪೂರ್ತಿ ಸಸ್ಯಾಹಾರಿ ಅಡುಗೆ. ಅರ್ಧ ದಿನ ಸಾಕಾ?

ಉತ್ತರ 1: ಧಾರಾಳ ಸಾಕು. ಬೀದಿ ಸುಮಾರು 800 ಮೀಟರ್, ಅಂಗಡಿಗಳು 170ರ ಆಸುಪಾಸು. ಉಯೆನೊದಿಂದ ಗಿಂಜಾ ಲೈನ್ ಮೆಟ್ರೋದಲ್ಲಿ ಎರಡನೇ ಸ್ಟೇಷನ್ ತವರಾಮಾಚಿ. ಅಲ್ಲಿಂದ ಐದು ನಿಮಿಷ ನಡೆದ್ರೆ ಕಟ್ಟಡದ ಮೇಲೆ ಮೀಸೆ ಬಾಣಸಿಗನ ದೈತ್ಯ ತಲೆ ಕಾಣುತ್ತೆ, ಬೀದಿ ಅಲ್ಲಿಂದಲೇ ಶುರು. ಬೆಳಿಗ್ಗೆ 10ಕ್ಕೆ ಹೋಗಿ, ಸಂಜೆ 5–5:30ಕ್ಕೆಲ್ಲ ಹೆಚ್ಚಿನವು ಮುಚ್ಚುತ್ತವೆ. ಭಾನುವಾರ ಬೇಡವೇ ಬೇಡ, ಎಷ್ಟೋ ಅಂಗಡಿಗಳಿಗೆ ರಜ.

ಉತ್ತರ 2: ಸೊಪ್ಪು ತರಕಾರಿಗೆ ನಕಿರಿ (ಚೌಕ ಮೂತಿ, 165 ಮಿ.ಮೀ.) ಅಥವಾ ಸಾಂತೊಕು (ಎಲ್ಲಕ್ಕೂ ಆಗೋ ಮನೆ ಚಾಕು) ಕೇಳಿ. ಉದ್ದದ ಗ್ಯೂತೊ (ಬಾಣಸಿಗರ ಚಾಕು) ನಮ್ಮ ಚಿಕ್ಕ ಕಟ್ಟೆಗೆ ತೊಡಕು. ಕೊಳ್ಳೋ ಮುಂಚೆ ಅಲಗನ್ನ ತುದಿಯ ಕಡೆಯಿಂದ ನೋಡಿ. ಒಂದೇ ಮಗ್ಗುಲಿಗೆ ಸಾಣೆ ಹಿಡಿದದ್ದಾದ್ರೆ ಅದು ಹೆಚ್ಚಾಗಿ ಮೀನು ಕೊಯ್ಯೋರಿಗೆ, ವೃತ್ತಿ ಬಾಣಸಿಗರಿಗೆ, ಬಲಗೈಯವರಿಗೆ ಬೇರೆ, ಎಡಗೈಯವರಿಗೆ ಬೇರೆ. ಎರಡೂ ಮಗ್ಗುಲು ಸಾಣೆ ಇರೋದೇ ಮನೆಗೆ ಸರಿ.

ಇನ್ನು ಉಕ್ಕು. ಅಂಗಡಿಯವರು ಬಿಳಿ ಕಾಗದ, ನೀಲಿ ಕಾಗದ ಅಂತ ಕರೆಯೋ ಕಾರ್ಬನ್ ಉಕ್ಕು ಅದ್ಭುತ ಹರಿತ. ಆದ್ರೆ ನಿಂಬೆ, ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ರೆ ನಿಮಿಷಗಳಲ್ಲೇ ಕಪ್ಪಾಗುತ್ತೆ, ಒದ್ದೆ ಉಳಿದ್ರೆ ತುಕ್ಕು. ದಿನಾ ಒರೆಸಿಡೋ ತಾಳ್ಮೆ ಇಲ್ಲದಿದ್ರೆ ವಿಜಿ10 ಥರದ ಸ್ಟೇನ್‌ಲೆಸ್ ತಗೊಳ್ಳಿ. ಯಾವುದೇ ಇರಲಿ, ಅಲಗು ತೆಳು, ಉಕ್ಕು ಗಡಸು. ತೆಂಗಿನಕಾಯಿ, ಹಲಸಿನ ದಿಂಡು, ಫ್ರೀಜರಿನಿಂದ ತೆಗೆದದ್ದರ ಮೇಲೆ ಇಟ್ರೆ ಅಂಚು ಚೂರುಚೂರಾಗಿ ಕಿತ್ತುಬರುತ್ತೆ. ಅದಕ್ಕೆಲ್ಲ ಈಳಿಗೆಮಣೆ ಇದ್ದೇ ಇದೆಯಲ್ಲ. ಗ್ರಾನೈಟ್ ಕಟ್ಟೆ ಮೇಲೂ ಹೆಚ್ಚಬೇಡಿ, ಮರದ ಹಲಗೆ ಬೇಕೇ ಬೇಕು. ಜೊತೆಗೆ 1000 ನಂಬರಿನ ಸಾಣೆಕಲ್ಲು ಒಂದು. ಎಳೆದು ಹರಿತ ಮಾಡೋ ವಿ ಆಕಾರದ ಡಬ್ಬಿ ಇಂಥ ಅಂಚನ್ನ ಹಾಳುಮಾಡುತ್ತೆ.

ಉತ್ತರ 3: ಚಾಕು ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು. ಅಂಗಡೀಲಿ ಕಟ್ಟಿಕೊಟ್ಟ ಡಬ್ಬಿ ದಾರೀಲಿ ಬಿಚ್ಚಬೇಡಿ. ಕಾರಣವಿಲ್ಲದೆ 6 ಸೆಂ.ಮೀ.ಗಿಂತ ಉದ್ದದ ಅಲಗು ಹಿಡಿದು ಓಡಾಡೋದು ಜಪಾನಿನಲ್ಲಿ ಅಪರಾಧ. ಪಾಸ್‌ಪೋರ್ಟ್ ಮರೀಬೇಡಿ. ಟ್ಯಾಕ್ಸ್-ಫ್ರೀ ಬೋರ್ಡ್ ಇರೋ ಅಂಗಡೀಲಿ, ತೆರಿಗೆ ಬಿಟ್ಟು 5000 ಯೆನ್ ಮೇಲೆ ಕೊಂಡ್ರೆ 10% ಉಳಿಯುತ್ತೆ. 2026ರ ನವೆಂಬರ್ 1ರಿಂದ ಕ್ರಮ ಬೇರೆ: ಮೊದಲು ತೆರಿಗೆ ಸೇರಿಸಿ ಕೊಡಬೇಕು, ದೇಶ ಬಿಡುವಾಗ ಕಸ್ಟಮ್ಸ್ ನೋಡಿದ ಮೇಲೆ ವಾಪಸ್.

ಉತ್ತರ 4: ಕೆಟಲ್ ಒಳಗೆ ಇಣುಕಿ ನೋಡಿ. ಹೊಳಪಿನ ಎನಾಮಲ್ ಲೇಪ ಇದ್ರೆ ಅದು ಟೀ ಸೊಪ್ಪು ನೆನೆಸೋಕೆ ಮಾತ್ರ, ಒಲೆ ಮೇಲಿಟ್ರೆ ಲೇಪ ಒಡೆಯುತ್ತೆ. ನೀರು ಕಾಯಿಸೋ ತೆತ್ಸುಬಿನ್ ಒಳಗೆ ಬರೀ ಕಬ್ಬಿಣ. ಅದಕ್ಕೆ ಸೋಪು ಹಾಕಬೇಡಿ, ನೀರು ಬಗ್ಗಿಸಿದ ಕೂಡಲೇ ಮುಚ್ಚಳ ತೆಗೆದಿಟ್ರೆ ಆ ಬಿಸಿಗೇ ಒಣಗುತ್ತೆ. ಮಣ್ಣಿನ ದೊನಾಬೆಯಲ್ಲಿ ಮೊದಲ ಸಲ ತೆಳು ಗಂಜಿ ಕಾಯಿಸಿ ಆರಲು ಬಿಡಿ, ಸಣ್ಣ ರಂಧ್ರಗಳು ಮುಚ್ಚುತ್ತವೆ. ತಳ ಒದ್ದೆ ಇರುವಾಗ ಉರಿಗಿಟ್ರೆ ಬಿರುಕು ಗ್ಯಾರಂಟಿ. ಮನೇಲಿ ಇಂಡಕ್ಷನ್ ಒಲೆ ಇದ್ರೆ ಡಬ್ಬಿ ಮೇಲೆ ಐಎಚ್ ಗುರುತು ಹುಡುಕಿ.

ರೈಸ್ ಕುಕ್ಕರಿಗೆ ಆಸೆಪಡಬೇಡಿ. ಜಪಾನಿನ ಮನೆಬಳಕೆಯದು 100 ವೋಲ್ಟ್, ನಮ್ಮದು 230. ನೇರ ಚುಚ್ಚಿದ್ರೆ ಸುಟ್ಟುಹೋಗುತ್ತೆ.