ಸಹಾಯ ಬೇಕು: ಬೆಂಗಳೂರು–ಲೇಹ್, ಒಂದೇ ಬೈಕ್, ಇಬ್ಬರು

ಜೂನ್ ಕೊನೆಗೆ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ದಾಟಿ ಮನಾಲಿ ಮೇಲೆ ಲೇಹ್‌ಗೆ ಹೊರಟಿದ್ದೇವೆ. ದಿನಕ್ಕೆ 500 ಕಿ.ಮೀ. ಲೆಕ್ಕ. ದಾರಿಯ ಬಗ್ಗೆ ಚಿಂತೆಯಿಲ್ಲ.

ದೊಡ್ಡ ಚಿಂತೆ ಚೈನಿನದು. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರ) ಹಲ್ಲುಗಳು ಒಂದೇ ಕಡೆ ವಾಲಿ ಕೊಕ್ಕೆಯಂತಾಗಿವೆ, ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಸೇರಿ ಸೆಟ್ ಪೂರ್ತಿ ಬದಲಿಸುವುದು ಖಚಿತ. ಇಬ್ಬರು ಕೂತು 25 ಕೆ.ಜಿ. ಲಗೇಜು ಬಿದ್ದಾಗ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಮೇಲೇರಿ ಚೈನ್ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲೇ ಬಿಗಿ ಇಟ್ಟರೆ ಗೇರ್‌ಬಾಕ್ಸ್ ಬೇರಿಂಗ್‌ಗೆ ಪೆಟ್ಟು. ಹಾಗಾಗಿ ಭಾರ ಹೇರಿಯೇ ಸಡಿಲ ನೋಡುತ್ತೇವೆ, 500 ಕಿ.ಮೀ.ಗೊಮ್ಮೆ ಲೂಬ್. ಚೈನ್ ತುಂಡಾದರೆ ಜೋಡಿಸಲು ಬಿಡಿ ಲಿಂಕ್ ಒಯ್ಯುವುದಾದರೆ ಕ್ಲಿಪ್‌ನದೋ, ರಿವೆಟ್‌ನದೋ? ದಾರಿಬದಿಯಲ್ಲಿ ರಿವೆಟ್ ಹೊಡೆದವರು ದಯವಿಟ್ಟು ಹೇಳಿ.

ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿ 10 ಲೀಟರ್ ಹೆಚ್ಚುವರಿ ಪೆಟ್ರೋಲ್ ಒಯ್ಯಬೇಕು. ಸೈಲೆನ್ಸರ್ ಬಿಸಿ ತಾಗದಂತೆ, ಹಿಂದೆ ಕೂತವರ ಕಾಲಿಗೆ ಅಡ್ಡವಾಗದಂತೆ ಕ್ಯಾನ್ ಎಲ್ಲಿ ಕಟ್ಟಿದ್ದೀರಿ? ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮುಖ್ಯ ವಿಷಯ. ಜೊತೆಗಾರನಿಗೆ ಸಲ್ಫಾ ಔಷಧಿ ಅಲರ್ಜಿ, ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಾಜೋಲಮೈಡ್ ಬಗ್ಗೆ ವೈದ್ಯರನ್ನು ಕೇಳದೆ ಮುಟ್ಟುವಂತಿಲ್ಲ. ಅದಕ್ಕೇ ಮೈ ಎತ್ತರಕ್ಕೆ ಹೊಂದಿಕೊಳ್ಳಲೆಂದು ಅದೇ ದಾರಿಯ ಜಿಸ್ಪಾದಲ್ಲಿ ಎರಡು ರಾತ್ರಿ ಇಟ್ಟುಕೊಂಡಿದ್ದೇವೆ. 4,200 ಮೀಟರ್ ದಾಟಿದ ಸರ್ಚುವಿನಲ್ಲಿ ಮಲಗದೆ, ಮಧ್ಯಾಹ್ನ ಹಿಮ ಕರಗಿ ಹಳ್ಳಗಳು ಉಕ್ಕುವ ಮೊದಲೇ ಆ ಭಾಗ ದಾಟಿ, ಜಿಸ್ಪಾದಿಂದ ಒಂದೇ ದಿನದಲ್ಲಿ ಲೇಹ್ ಮುಟ್ಟಲು ಇಬ್ಬರಿರುವ ಬೈಕಿನಲ್ಲಿ ಆಗುತ್ತದೆಯೇ? ಎಷ್ಟು ಗಂಟೆಗೆ ಹೊರಡಬೇಕು?