ವಸಾಯಿ ಹಿತ್ತಲಿನ ಎರಡು ಬಾಳೆ ಬುಡಗಳ ಬಗ್ಗೆ

ವಿದ್ಯಾ, ಮಹಾರಾಷ್ಟ್ರದ ವಸಾಯಿಯ ಹೊಸ ಮನೆಯ ಹಿತ್ತಲಿನಲ್ಲಿರುವ ಎರಡು ಬಾಳೆ ಬುಡಗಳ ಫೋಟೋ ನೋಡಿದೆ. ಹಿಂದಿನ ಮನೆಯವರು ಎರಡೂ ವೆಲ್ಚಿ, ಅಂದರೆ ನಮ್ಮ ಏಲಕ್ಕಿ ಬಾಳೆ, ಎಂದು ಹೇಳಿ ಹೋಗಿದ್ದಾರೆಂದೂ, ಗೊನೆ ಬರುವ ಮೊದಲೇ ಅದನ್ನು ಖಚಿತಪಡಿಸಿಕೊಳ್ಳಬಹುದೇ ಎಂದೂ ಕೇಳಿದ್ದೀಯ. ಬಹುಮಟ್ಟಿಗೆ ಆಗುತ್ತದೆ. ಆದರೆ ಗುಂಪಿನಲ್ಲಿ ಉಳಿದವರು ಬರೀ ಎತ್ತರ ನೋಡಿ ತೀರ್ಪು ಕೊಟ್ಟಿರುವುದನ್ನು ನಾನು ಒಪ್ಪುವುದಿಲ್ಲ. ನೆರಳಿನಲ್ಲಿ ಬೆಳೆದ ಬಾಳೆ ಬೆಳಕಿಗಾಗಿ ಉದ್ದವಾಗುತ್ತದೆ, ನೀರು ಗೊಬ್ಬರ ಸಾಲದ್ದು ಗಿಡ್ಡವಾಗಿಯೇ ಉಳಿಯುತ್ತದೆ. ನೋಡಬೇಕಾದದ್ದು ಕಂಬದ ಬಣ್ಣ ಮತ್ತು ಎಲೆಯ ದಂಟು.

ಎಡಗಡೆಯ ಬುಡ ಏಲಕ್ಕಿಯಲ್ಲ, ಪಚ್ಚಬಾಳೆ. ಮಹಾರಾಷ್ಟ್ರದಲ್ಲಿ ಬಸರಾಯಿ ಎನ್ನುವುದೂ ಈ ಗುಂಪಿನದೇ. ದಪ್ಪ ಕಂಬದ ಮೇಲೆ ಮಸಿ ಒರೆಸಿದಂತೆ ಕಪ್ಪು ಕಂದು ಮಚ್ಚೆಗಳಿವೆ, ದಂಟುಗಳು ಗಿಡ್ಡವಾಗಿ ಅಗಲವಾದ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡಿವೆ, ಬುಡದ ಎಳೆಯ ಕಂದಿನ, ಅಂದರೆ ಮರಿಗಿಡದ, ಎಲೆಗಳಲ್ಲಿ ಕೆಂಪು ಕಲೆಗಳೂ ಕಾಣುತ್ತವೆ. ಮುಂದೆ ಗೊನೆ ಬಿಟ್ಟಾಗ ಚಿಪ್ಪುಗಳಿಗೂ ಗೊನೆಯ ತುದಿಯ ಹೂವಿನ ಮೂತಿಗೂ ನಡುವೆ ಒಣಗಿದ ಹೂಗಳು ಉದುರದೆ ಅಂಟಿಕೊಂಡಿದ್ದರೆ ಇನ್ನು ಅನುಮಾನವೇ ಬೇಡ.

ಬಲಗಡೆಯದು ಸ್ವಲ್ಪ ಕಷ್ಟ. ಸಪೂರವಾದ ಹಳದಿ ಮಿಶ್ರಿತ ಹಸಿರು ಕಂಬ ಏಲಕ್ಕಿಗೆ ಹೊಂದುತ್ತದೆ, ಆದರೆ ಅಷ್ಟರಿಂದಲೇ ಹೇಳಲಾಗದು. ಮೇಲಿನಿಂದ ಮೂರನೆಯ ಎಲೆಯ ದಂಟನ್ನು ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಮುಖವನ್ನು ನೋಡು. ಪಚ್ಚಬಾಳೆಯಲ್ಲಿ ದಂಟಿನ ಕಾಲುವೆಯ ಅಂಚುಗಳು ಹೊರಕ್ಕೆ ತೆರೆದುಕೊಂಡಿರುತ್ತವೆ. ಪಲ್ಯಕ್ಕೆ ಬಳಸುವ ಬೂದಿಬಾಳೆಯಲ್ಲಿ ಅಂಚುಗಳು ಒಳಕ್ಕೆ ಬಾಗಿ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತವೆ. ಏಲಕ್ಕಿಯದು ಇವೆರಡರ ನಡುವಿನದು. ಇದು ಆಕಸ್ಮಿಕವಲ್ಲ. ನಾವು ತಿನ್ನುವ ಬಾಳೆಗಳಲ್ಲಿ ಬಹುಪಾಲು ಅಕ್ಯುಮಿನೇಟಾ, ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳ ಸಂತತಿ. ಪಚ್ಚಬಾಳೆ ಪೂರ್ತಿ ಮೊದಲನೆಯದರದು, ಏಲಕ್ಕಿಯಲ್ಲಿ ಎರಡರದೂ ಸಮಪಾಲು, ಬೂದಿಬಾಳೆಯಲ್ಲಿ ಎರಡನೆಯದರ ಪಾಲೇ ಹೆಚ್ಚು. ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 1955ರಲ್ಲಿ ಕಂಬ, ದಂಟು, ಹೂವುಗಳ 15 ಲಕ್ಷಣಗಳಿಗೆ ಅಂಕ ಕೊಟ್ಟು ಈ ಪಾಲನ್ನು ಅಂದಾಜು ಮಾಡುವ ಕ್ರಮವನ್ನು ಪ್ರಕಟಿಸಿದರು. ಹಿತ್ತಲಿನಲ್ಲಿ ನಿಂತು ಅಷ್ಟನ್ನೂ ನೋಡುವ ಅಗತ್ಯ ನಮಗಿಲ್ಲ.

ಏಲಕ್ಕಿಯೊಂದಿಗೆ ಗೊಂದಲವಾಗಬಹುದಾದದ್ದು ಪೂವನ್ ಜಾತಿ, ಏಕೆಂದರೆ ಅದರ ಹಣ್ಣೂ ಚಿಕ್ಕದೇ, ಅದೂ ಮಿಶ್ರ ಸಂತತಿಯದೇ. ಅದಕ್ಕೆ ಎಲೆಯನ್ನು ಮಗುಚಿ ನಡುನರದ ಅಡಿಭಾಗವನ್ನು ನೋಡಬೇಕು. ಎಳೆಯ ಎಲೆಯಲ್ಲಿ ಅಲ್ಲಿ ಗುಲಾಬಿ ಬಣ್ಣ ಸ್ಪಷ್ಟವಾಗಿದ್ದರೆ ಪೂವನ್ ಎಂದು ಶಂಕಿಸಬಹುದು. ಕಂಬ, ದಂಟು, ನಡುನರ ಎಲ್ಲವೂ ಕೆಂಪಾಗಿದ್ದರೆ ಕೆಂಪುಬಾಳೆ, ಆದರೆ ನಿನ್ನ ಫೋಟೋದಲ್ಲಿ ಅಂಥದ್ದೇನೂ ಇಲ್ಲ.

ಬಲಬುಡದ ಕತ್ತರಿಸಿದ ದಂಟಿನದೊಂದು, ಎಲೆಯ ಅಡಿಭಾಗದ್ದೊಂದು ಫೋಟೋವನ್ನು ಹಗಲಿನ ಬೆಳಕಿನಲ್ಲಿ ತೆಗೆದು ಕಳುಹಿಸು, ಫ್ಲ್ಯಾಷ್ ಹಾಕಿದರೆ ಗುಲಾಬಿ ಬಣ್ಣ ತಿಳಿಯುವುದಿಲ್ಲ. ಅಲ್ಲಿಯವರೆಗೆ ಆ ಬುಡದ ಕಂದುಗಳನ್ನು ಏಲಕ್ಕಿಯೆಂದು ಯಾರಿಗೂ ಕಿತ್ತು ಕೊಡಬೇಡ.